ಇಲಸ್ಟ್ರೇಷನ್ ಪಾಠವೂ ನಡೆಯಬೇಕು, ಸ್ವಂತ ಪುಸ್ತಕದ ಚಿತ್ರಗಳೂ ಮುಗಿಯಬೇಕು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕಲಾವಿದರು ಹೇಳಿ

ಕುಂಚ_ತುಮಕೂರು

ಎಲ್ಲರಿಗೂ ನಮಸ್ಕಾರ. ಬಿ.ವಿ.ಎ. (ದೃಶ್ಯಕಲಾ ಪದವಿ) ಎರಡನೇ ವರ್ಷದವರಿಗೆ ಇಲಸ್ಟ್ರೇಷನ್, ಅಂದರೆ ಬರಹಕ್ಕೆ ಚಿತ್ರ ಬರೆಯುವ ಪಾಠ ಮಾಡುತ್ತೇನೆ. ತರಗತಿಯಲ್ಲಿ 20 ಜನ, ವಾರಕ್ಕೆ ಎರಡು ದಿನ, ದಿನಕ್ಕೆ ನಾಲ್ಕು ಗಂಟೆ. ಅದರ ಜೊತೆಗೇ 24 ಪುಟದ ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಮುಗಿಸಿಕೊಡಬೇಕಾಗಿದೆ.

ಹುಡುಗರು ಲೈಫ್ ಸ್ಟಡಿ (ಎದುರಿಗಿರುವ ಮನುಷ್ಯರನ್ನು ನೋಡಿ ಬರೆಯುವುದು) ಚೆನ್ನಾಗಿ ಮಾಡುತ್ತಾರೆ. ಕಥೆ ಕೊಟ್ಟರೆ ಮಾತ್ರ ವಾಕ್ಯದಲ್ಲಿ ಇರುವುದನ್ನೇ ಇನ್ನೊಂದು ಸಲ ಬರೆದಿಡುತ್ತಾರೆ. ‘ಮಳೆ ಬಂತು, ಹುಡುಗ ಓಡಿದ’ ಎಂದಿದ್ದರೆ ಮಳೆ, ಹುಡುಗ, ಓಟ. ಅಷ್ಟೇ. ಎರಡನೆಯದು, ಬೋರ್ಡಿನ ಮೇಲೆ ತೋರಿಸಿದ ಕಣ್ಣು, ಮೂಗು ಮುಂದಿನ ವಾರ ಇಪ್ಪತ್ತು ಹಾಳೆಗಳಲ್ಲೂ ಹಾಗೇ ಕಾಣುತ್ತವೆ. ಮೂರನೆಯದು, ಇಂಡಿಯನ್ ಇಂಕಿಗೆ ನೀರು ಬೆರೆಸಿದರೆ ಕೆಲವರ ಬಟ್ಟಲಲ್ಲಿ ಒಡೆದ ಹಾಲಿನ ಹಾಗೆ ಕಾಳುಕಾಳಾಗುತ್ತದೆ. ಕೊನೆಯದು ಸಮಯ. ಪಾಠ ಮುಗಿದ ಮೇಲೆ ಬಣ್ಣಕ್ಕೆ ಕೂತರೆ ಒಂದು ಪುಟದ ಆಕಾಶಕ್ಕೂ ಮುಂದಿನ ಪುಟದ ಆಕಾಶಕ್ಕೂ ಹೊಂದುವುದಿಲ್ಲ. ಬಲ್ಲವರು ವಿವರವಾಗಿ ಹೇಳಿದರೆ ಈ ಸೆಮಿಸ್ಟರಿಗೇ ಉಪಯೋಗವಾಗುತ್ತದೆ.

ಗೆರೆಗಾರ_ಮಧುಗಿರಿ

ಮೇಡಂ, ಮೊದಲನೆಯ ತೊಂದರೆ ಹುಟ್ಟುವುದು ಓದುವಾಗ. ಪೆನ್ಸಿಲ್ ಹಿಡಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. ಆದ್ದರಿಂದ ಮೊದಲ ಗಂಟೆ ಚಿತ್ರ ಬರೆಯಲು ಬಿಡಬೇಡಿ.

250ರಿಂದ 300 ಪದದ ಒಂದು ಕಥೆ ಎಲ್ಲರಿಗೂ ಕೊಡಿ. ಮೂರು ಬಣ್ಣದ ಪೆನ್ಸಿಲ್ ಇರಲಿ. ಬರಹವೇ ಪೂರ್ತಿ ಹೇಳಿಬಿಟ್ಟ ಸಂಗತಿಗಳ ಕೆಳಗೆ ನೀಲಿ ಗೆರೆ: ಊರು, ಬಣ್ಣ, ಹೊತ್ತು. ಏನಾದರೂ ಬದಲಾಗುವ ಜಾಗಕ್ಕೆ ಕೆಂಪು: ಮನಸ್ಸು ತಿರುಗಿತು, ಬೆಳಕು ಹೋಯಿತು, ಯಾರೋ ಒಳಗೆ ಬಂದರು. ಎರಡು ವಾಕ್ಯಗಳ ನಡುವೆ ನಡೆದಿರಲೇಬೇಕಾದ, ಆದರೆ ಬರೆದಿಲ್ಲದ ಸಂಗತಿಗೆ ಹಸಿರು ಸುತ್ತು. ಚಿತ್ರ ಹುಟ್ಟಬೇಕಾದದ್ದು ಕೆಂಪು ಮತ್ತು ಹಸಿರಿನಲ್ಲಿ. ನೀಲಿಯದ್ದನ್ನು ತಪ್ಪದೆ ಪಾಲಿಸಬೇಕು, ಕೊಡ ಹಿತ್ತಾಳೆಯದು ಎಂದಿದ್ದರೆ ಹಿತ್ತಾಳೆಯೇ ಇರಬೇಕು. ಆದರೆ ಅದನ್ನೇ ಚಿತ್ರದ ವಿಷಯ ಮಾಡಬಾರದು.

ಆಮೇಲೆ ಥಂಬ್‌ನೇಲ್, ಅಂದರೆ ಚಿಕ್ಕ ಚಿಕ್ಕ ಕರಡು ಚಿತ್ರ. ಎ4 ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಮನೆ. ಎರಡು ಹಾಳೆಗೆ ಹದಿನಾರು. ಮನೆಯೊಂದಕ್ಕೆ ಎರಡೇ ನಿಮಿಷ, ರಬ್ಬರ್ ಇಲ್ಲ. 6ಬಿ ಪೆನ್ಸಿಲ್ ಅಥವಾ ದಪ್ಪ ಮಾರ್ಕರ್ ಕೊಡಿ, ಆಗ ಕಣ್ಣುರೆಪ್ಪೆ ಬರೆಯುತ್ತಾ ಕೂರಲು ಆಗುವುದಿಲ್ಲ. ಮೊದಲ ನಾಲ್ಕು ಮನೆಯಲ್ಲಿ ಇಪ್ಪತ್ತು ಜನರದ್ದೂ ಒಂದೇ ಇರುತ್ತದೆ, ಇರಲಿ. 5ರಿಂದ 8ರವರೆಗೆ ನೋಡುವ ಕಣ್ಣಿನ ಎತ್ತರ ಬದಲಾಗಬೇಕು, 9ರಿಂದ 12ರವರೆಗೆ ದೂರ. ಕೊನೆಯ ನಾಲ್ಕರಲ್ಲಿ ಗಳಿಗೆ ಬದಲಾಗಬೇಕು, ಅಂದರೆ ಘಟನೆಗೆ ಸ್ವಲ್ಪ ಮುಂಚೆ ಅಥವಾ ಸ್ವಲ್ಪ ನಂತರ. ಒಳ್ಳೆಯ ಚಿತ್ರ ಹೆಚ್ಚಾಗಿ ಸಿಗುವುದು ಈ ಕೊನೆಯ ಸಾಲಿನಲ್ಲೇ.

ಒಂದು ಉದಾಹರಣೆ. ‘ಸಂತೆಯಲ್ಲಿ ಅಜ್ಜಿಯ ಕೈ ತಪ್ಪಿಹೋಗಿ ಹುಡುಗಿಗೆ ಭಯವಾಯಿತು.’ ಎಲ್ಲರೂ ನಡುವೆ ಅಳುವ ಹುಡುಗಿಯನ್ನು ಬರೆಯುತ್ತಾರೆ. ದಿಗಂತದ ಗೆರೆಯನ್ನು ಹುಡುಗಿಯ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು ಒಂದು ಮೀಟರಿಗೆ ಇಳಿಸಲು ಹೇಳಿ. ಸಮತಟ್ಟು ನೆಲದಲ್ಲಿ ನಿಂತ ದೊಡ್ಡವರು ಹತ್ತಿರವಿರಲಿ ದೂರವಿರಲಿ, ಆ ಗೆರೆ ಎಲ್ಲರನ್ನೂ ಸೊಂಟದ ಹತ್ತಿರವೇ ಕತ್ತರಿಸುತ್ತದೆ. ಹತ್ತಿರದವರ ತಲೆ ಚೌಕಟ್ಟಿನ ಆಚೆ ಹೋಗುತ್ತದೆ. ಉಳಿಯುವುದು ಪಂಚೆ, ಚೀಲ, ಹುಣಸೆಹಣ್ಣಿನ ಬುಟ್ಟಿ, ಮೊಣಕೈ, ಇವುಗಳ ಸಂದಿಯಲ್ಲಿ ದೂರದಲ್ಲಿ ಒಂದು ಸೆರಗಿನ ತುದಿ. ಹುಡುಗಿಯ ಮುಖವನ್ನೇ ತೋರಿಸದಿದ್ದರೂ ಭಯ ಬಂತು. ಇದನ್ನು ಒಮ್ಮೆ ಮಾಡಿದ ವಿದ್ಯಾರ್ಥಿ ದಿಗಂತದ ಗೆರೆಯನ್ನು ಮತ್ತೆಂದೂ ಪರ್ಸ್‌ಪೆಕ್ಟಿವ್ ಪರೀಕ್ಷೆಯ ವಿಷಯ ಎಂದುಕೊಳ್ಳುವುದಿಲ್ಲ.

ಆರಿಸಿದ ಥಂಬ್‌ನೇಲಿಗೆ ಮೂರೇ ಛಾಯೆ: ಹಾಳೆಯ ಬಿಳಿ, ಒಂದು ಬೂದು, ಕಪ್ಪು. ಗೋಡೆಗೆ ಅಂಟಿಸಿ ಎರಡು ಮೀಟರ್ ಹಿಂದೆ ನಿಂತಾಗ ಯಾರು ಎಲ್ಲಿದ್ದಾರೆ ಎಂದು ಗೊತ್ತಾಗದಿದ್ದರೆ ದೊಡ್ಡ ಹಾಳೆಗೆ ಹೋಗುವ ಹಾಗಿಲ್ಲ.

ಕ್ಯಾತ್ಸಂದ್ರ_ಕ್ಯಾನ್ವಾಸ್

ಎರಡನೆಯ ಪ್ರಶ್ನೆಗೆ ಸಂಬಂಧಿಸಿ: ಬೋರ್ಡಿನ ಮೇಲೆ ಬರೆದು ತೋರಿಸುವುದನ್ನೇ ನಿಲ್ಲಿಸಿ ಎನ್ನುತ್ತೇನೆ. ಎರಡನೇ ವರ್ಷದ ಹುಡುಗರಿಗೆ ಮೇಷ್ಟ್ರ ಗೆರೆ ಎಂದರೆ ಸರಿಯುತ್ತರ. ಅಂಕ ಕೊಡುವವರೂ ಅವರೇ ಆದಾಗ ಆ ಗೆರೆಯನ್ನು ಹಿಡಿಯದೆ ಇರುವವರು ಯಾರು? ಸ್ಪಷ್ಟವಾಗಿ ಹೇಳಿ, ಹಳೆಯ ಕೆಲಸಗಳನ್ನು ತೋರಿಸಿ, ಕೈಯನ್ನು ಮಾತ್ರ ತೋರಿಸಬೇಡಿ.

ಗೆರೆಗಾರ_ಮಧುಗಿರಿ

ಪೂರ್ತಿ ನಿಲ್ಲಿಸುವುದು ಸರಿಯಲ್ಲ ಸರ್. ಕುಂಚಕ್ಕೆ ಎಷ್ಟು ನೀರು, ನಿಬ್ಬನ್ನು ಎಷ್ಟು ಒತ್ತಬೇಕು, ಗೆರೆ ಎಳೆಯುವಾಗ ಮಣಿಕಟ್ಟು ಚಲಿಸಬೇಕೋ ಮೊಣಕೈಯೋ, ಇವು ಮಾತಿನಲ್ಲಿ ದಾಟುವುದಿಲ್ಲ. ತೋರಿಸಬೇಕು, ಆದರೆ ಒಂದೇ ಕೈ ತೋರಿಸಬಾರದು.

ಒಂದೇ ದೃಶ್ಯವನ್ನು ಮೂರು ಬಗೆಯಲ್ಲಿ ಮಾಡಿ ತೋರಿಸಿ: ಬರೀ ಹೊರಗೆರೆ, ಗೆರೆಯೇ ಇಲ್ಲದೆ ದಪ್ಪ ಕುಂಚದ ಕಪ್ಪು ಒಡಲುಗಳು, ಕತ್ತರಿಸಿ ಅಂಟಿಸಿದ ಕಾಗದ. ಕಾಗದ ಕತ್ತರಿಯಲ್ಲಿ ಯಾರ ಕಣ್ಣು ಮೂಗನ್ನೂ ನಕಲು ಮಾಡಲಾಗುವುದಿಲ್ಲ, ದೇಹದ ಒಟ್ಟು ಆಕಾರವೇ ಮಾತಾಡಬೇಕು. ಪಕ್ಕದಲ್ಲಿ ಬೇರೆ ಕೈಗಳನ್ನೂ ಇಡಿ. ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳು, ಆರ್.ಕೆ. ಲಕ್ಷ್ಮಣರ ಕುಂಚ ಮತ್ತು ಮಸಿಯ ಕೆಲಸ, ಪತ್ರಿಕೆಯ ಕಥೆಗಳಿಗೆ ಚಂದ್ರನಾಥ ಆಚಾರ್ಯರು ಬರೆದ ಚಿತ್ರಗಳು. ಈ ಮೂವರು ಮನುಷ್ಯನ ಕೈಬೆರಳನ್ನು ಹೇಗೆ ಬರೆದಿದ್ದಾರೆ ಎಂದು ಬೆರಳೊಂದನ್ನೇ ಹೋಲಿಸಿ ನೋಡಲು ಹೇಳಿ. ಜಿಲ್ಲಾ ಗ್ರಂಥಾಲಯದಲ್ಲಿ ಹಳೆಯ ವಿಶೇಷಾಂಕಗಳು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಪಠ್ಯ ಇಲ್ಲ, ಏಕೆಂದರೆ ಅಲ್ಲಿ ಚಿತ್ರ ಕನ್ನಡ ಬರಹದ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ತಿದ್ದುವಾಗ ವಿದ್ಯಾರ್ಥಿಯ ಹಾಳೆ ಮುಟ್ಟಬೇಡಿ. 90 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಟ್ರೇಸಿಂಗ್ ಪೇಪರ್ ಮೇಲಿಟ್ಟು ಕೆಂಪು ಪೆನ್ಸಿಲಿನಲ್ಲಿ ಮೂರು ಸಂಗತಿ ಮಾತ್ರ ಗುರುತಿಸಿ: ಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಭುಜ ಮತ್ತು ಸೊಂಟದ ಗೆರೆಗಳು ಯಾವ ಕಡೆ ವಾಲಿವೆ, ನೋಟ ಎಲ್ಲಿಗೆ ಹೋಗುತ್ತಿದೆ. ಮುಖ ಬರೆಯಬೇಡಿ. ಟ್ರೇಸಿಂಗ್ ತೆಗೆದು ಪಕ್ಕಕ್ಕಿಟ್ಟ ಮೇಲೆ ಅವರು ತಮ್ಮ ಕೈಯಲ್ಲೇ ಹೊಸದಾಗಿ ಬರೆಯಲಿ. ಮೇಲಿಟ್ಟು ಕಾಪಿ ಮಾಡಲು ಬಿಟ್ಟರೆ ಮತ್ತೆ ನಿಮ್ಮ ಗೆರೆಯೇ ಆಗುತ್ತದೆ.

ಕ್ಯಾತ್ಸಂದ್ರ_ಕ್ಯಾನ್ವಾಸ್

ಮುಖ ಬರೆಯಬಾರದು ಎಂಬುದು ಒಪ್ಪಿದೆ. ತಂತ್ರ ತೋರಿಸುವಾಗಲೂ ಮನುಷ್ಯರನ್ನು ಬಿಟ್ಟು ಕಲ್ಲು, ಮಡಕೆ, ತೆಂಗಿನಗರಿ ಆರಿಸಿಕೊಂಡರೆ ನಕಲಿನ ಅಪಾಯ ಇನ್ನೂ ಕಡಿಮೆ.

ಶಿಡ್ಲಘಟ್ಟ_ಗೆರೆ

ಕಣ್ಣು ಮೂಗು ಮೇಷ್ಟ್ರಿಂದ ಬರುವುದಕ್ಕೆ ಇನ್ನೊಂದು ಕಾರಣ, ಹುಡುಗರ ನೆನಪಿನಲ್ಲಿ ಬೇರೆ ಮುಖಗಳ ದಾಸ್ತಾನು ಇಲ್ಲದಿರುವುದು. ಅದನ್ನು ತುಂಬುವುದು ಹೊರಗೆ ಹೋಗಿ ಬರೆದಾಗಲೇ. ನಮ್ಮ ಮೂರು ಜಿಲ್ಲೆಗಳಲ್ಲಿ ಇದಕ್ಕೆ ಜಾಗದ ಕೊರತೆಯಿಲ್ಲ, ಆದರೆ ಜಾಗಕ್ಕೆ ತಕ್ಕ ಪಾಠ ಇಟ್ಟುಕೊಂಡು ಹೋಗಬೇಕು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಒಂದೇ ಕೆಲಸ ಮತ್ತೆ ಮತ್ತೆ ನಡೆಯುವ ಜಾಗ. ಗೂಡು ಸುರಿಯುವುದು, ಕೈಯಲ್ಲಿ ಹಿಡಿದು ನೋಡುವುದು, ಮೂಟೆ ಎತ್ತುವುದು. ಒಂದು ಭಂಗಿ ಮುಗಿಯುವವರೆಗೆ ಯಾರೂ ಕಾಯುವುದಿಲ್ಲ. ಆದ್ದರಿಂದ ಒಂದೇ ಪುಟದಲ್ಲಿ ನಾಲ್ಕು ಭಂಗಿ ಶುರುಮಾಡಬೇಕು, ಬಗ್ಗಿದ್ದು, ಎತ್ತಿದ್ದು, ತಿರುಗಿದ್ದು, ಇಳಿಸಿದ್ದು. ಆ ಮನುಷ್ಯ ಮತ್ತೆ ಬಗ್ಗಿದಾಗ ಮೊದಲನೆಯದಕ್ಕೆ ಮರಳಿ ಎರಡು ಗೆರೆ ಸೇರಿಸಬೇಕು. ಮೊದಲ ಗೆರೆ ತಲೆಯಿಂದ ಭಾರ ಹೊತ್ತ ಪಾದದವರೆಗೆ ಒಂದೇ ಎಳೆತ. ಮುಖ ಕೊನೆಗೆ. ಕಚೇರಿಯಲ್ಲಿ ಮೊದಲೇ ಕೇಳಿ ಹೋಗಿ, ಹಾದಿಗೆ ಅಡ್ಡ ಕೂರಬೇಡಿ, ಒಂದು ಕಡೆ ನಾಲ್ಕು ಜನಕ್ಕಿಂತ ಹೆಚ್ಚು ಬೇಡ.

ಹುಳು ಸಾಕುವ ಮನೆಯ ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಎಲಿಪ್ಸ್, ಅಂದರೆ ಓರೆಯಿಂದ ಕಂಡ ವೃತ್ತ, ಕಲಿಸಲು ಹೇಳಿ ಮಾಡಿಸಿದ ವಸ್ತು. ಚಾಪೆಯ ಮೇಲೆ ಸುರುಳಿಯಾಗಿ ಸುತ್ತಿದ ಬಿದಿರಿನ ಪಟ್ಟಿ. ಗೋಡೆಗೆ ಒರಗಿಸಿದ್ದನ್ನು ಬದಿಯಿಂದ ನೋಡಿದಾಗ ಪ್ರತಿ ಸುತ್ತೂ ಎಲಿಪ್ಸ್ ಆಗಿ ಕಾಣುತ್ತದೆ. ಎಲ್ಲ ಸುತ್ತಿನ ಉದ್ದ ಅಕ್ಷವೂ ಒಂದೇ ಕಡೆ ವಾಲಿರಬೇಕು. ಸಾಮಾನ್ಯ ತಪ್ಪೆಂದರೆ ಒಳಸುತ್ತನ್ನು ಪೂರ್ಣ ವೃತ್ತ ಮಾಡಿಬಿಡುವುದು, ಆಗ ಚಂದ್ರಿಕೆ ನಡುವೆ ಉಬ್ಬಿದ ಹಾಗೆ ಕಾಣುತ್ತದೆ.

ತುಮಕೂರಿನವರಿಗೆ ಸಿದ್ಧಗಂಗೆಯ ದನಗಳ ಜಾತ್ರೆ ಇದೆ, ಶಿವರಾತ್ರಿಯ ಆಸುಪಾಸಿನಲ್ಲಿ. ಹಳ್ಳಿಕಾರ್ ಎತ್ತಿನ ಕೊಂಬು ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಮುಂದಕ್ಕೆ ತಿರುಗುತ್ತದೆ. ಫೋನಿನಲ್ಲಿ ಹುಡುಕಿ ಬರೆದ ಎತ್ತಿಗೆ ಪರದೇಶದ ಹೋರಿಯ ಹಾಗೆ ತಲೆಯ ಎರಡು ಬದಿಗೆ ಕೊಂಬು ಬಂದಿರುತ್ತದೆ. ಗಾಡಿಯೂ ಹಾಗೇ. ನೊಗ, ಮೂಕಿ, ಗುಂಬ, ಅಚ್ಚು, ಕಡಾಣಿ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ ಬರೆದವನ ಗಾಡಿ ಪುಟದಲ್ಲಿ ಉರುಳುತ್ತದೆ. ಹಳ್ಳಿಯ ಮಗು ಪುಸ್ತಕದಲ್ಲಿ ತಪ್ಪು ಎತ್ತನ್ನು ಒಂದೇ ನೋಟಕ್ಕೆ ಹಿಡಿಯುತ್ತದೆ. ಆ ಮಗುವಿಗೆ ಸರಿಯಾದ ಎತ್ತು ಕೊಡುವುದು ನಮ್ಮ ಕರ್ತವ್ಯ.

ಕಟ್ಟಡಕ್ಕೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ. ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ಬೆಳಕಿನ ಮುಖ, ಒಂದು ನೆರಳಿನ ಮುಖ. ಮೆಟ್ಟಿಲು ಎಣಿಸಿ ಬರೆಯಲು ಬಿಡಬೇಡಿ. ಮೊದಲು ಇಡೀ ಬದಿಯನ್ನು ಒಂದೇ ಇಳಿಜಾರಾಗಿ ಬರೆದು, ಆಮೇಲೆ ಒಡೆಯಬೇಕು. ಕೋಲಾರದ ಸೋಮೇಶ್ವರ ದೇವಸ್ಥಾನದ ಕಂಬಗಳ ಕೆತ್ತನೆಗೂ ಇದೇ ಕ್ರಮ. ಸ್ಟ್ಯಾಂಡ್ ಇಡುವುದಾದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ, ತೊಡೆಯ ಮೇಲಿನ ಪುಸ್ತಕ ಸಾಕಾದರೆ ಇನ್ನೂ ಒಳ್ಳೆಯದು.

ಅಂತರಗಂಗೆ_ಇಂಕ್

ಇಂಕು ಒಡೆಯುವುದು ಗಡಸು ನೀರಿನಿಂದ. ವಾಟರ್‌ಪ್ರೂಫ್ ಇಂಡಿಯನ್ ಇಂಕುಗಳಲ್ಲಿ ಹಲವಕ್ಕೆ ಅಂಟಾಗಿ ಅರಗು ಹಾಕಿರುತ್ತಾರೆ. ಕೊಳವೆಬಾವಿ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಅದರೊಡನೆ ಸೇರಿದರೆ ಅರಗು ಬೇರ್ಪಟ್ಟು ಗಸಿಯಾಗುತ್ತದೆ, ಕಪ್ಪು ಕಣಗಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಕೆಲವರ ಬಟ್ಟಲಲ್ಲಿ ಮಾತ್ರ ಆಗುತ್ತಿದೆ ಎಂದರೆ ಅವರು ನೀರು ಹಿಡಿದ ನಲ್ಲಿ ಬೇರೆ, ಅಥವಾ ಅವರ ಇಂಕಿನ ಬ್ರ್ಯಾಂಡ್ ಬೇರೆ.

ಪರೀಕ್ಷೆ ಸುಲಭ. ಎರಡು ಬಿಳಿ ಬಟ್ಟಲಲ್ಲಿ ಐದೈದು ಹನಿ ಇಂಕು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್, ತಲಾ ಎರಡು ಚಮಚ. ಹತ್ತು ನಿಮಿಷ ಬಿಟ್ಟು ಬಟ್ಟಲು ವಾಲಿಸಿ ನೋಡಿ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ 5 ಲೀಟರ್ ಕ್ಯಾನಿನಲ್ಲಿ ಸಿಗುತ್ತದೆ. ಬ್ಯಾಟರಿ ಆ್ಯಸಿಡ್ ಕೂಡ ಅದೇ ಬಗೆಯ ಕ್ಯಾನಿನಲ್ಲಿ ಇರುತ್ತದೆ, ಲೇಬಲ್ ಓದಿಯೇ ತನ್ನಿ. ಬೆರೆಸಲು ಮಾತ್ರ ಇದು, ಕುಂಚ ತೊಳೆಯಲು ನಲ್ಲಿ ನೀರು ಸಾಕು. ಆದರೆ ತೊಳೆದ ಕುಂಚವನ್ನು ಒರೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಒಮ್ಮೆ ಅದ್ದಿ ಆಮೇಲೆ ಇಂಕಿಗೆ ಇಳಿಸಿ.

ಬೂದು ಛಾಯೆಗಳಿಗೆ ನಾಲ್ಕು ಮುಚ್ಚಳದ ಡಬ್ಬಿ ಇಡಿ: ಇಂಕು ಒಂದು ಪಾಲಿಗೆ ನೀರು 2, 6, 15, 30. ಮುಂಚೆಯೇ ಬೆರೆಸಿಟ್ಟರೆ 20 ಜನರ ಕೆಲಸದಲ್ಲೂ ಅದೇ ಛಾಯೆ ಬರುತ್ತದೆ, ಹೋಲಿಸಲು ಅನುಕೂಲ.

ನಿಬ್ಬಿನ ದೂರು ಖಂಡಿತ ಬರುತ್ತದೆ, ಅದಕ್ಕೂ ಇಲ್ಲೇ ಹೇಳಿಬಿಡುತ್ತೇನೆ. ಹೊಸ ನಿಬ್ಬಿನ ಮೇಲೆ ತುಕ್ಕು ಹಿಡಿಯದಿರಲಿ ಎಂದು ಎಣ್ಣೆ ಸವರಿರುತ್ತಾರೆ, ಇಂಕು ಹನಿಯಾಗಿ ಉರುಳಿ ಒಮ್ಮೆಲೇ ಬೀಳುತ್ತದೆ. ಪಾತ್ರೆ ಸೋಪಿನಲ್ಲಿ ಉಜ್ಜಿ ಒರೆಸಿ. ಅದ್ದುವುದು ನಿಬ್ಬಿನ ನಡುವಿನ ತೂತು ಮುಚ್ಚುವಷ್ಟು ಮಾತ್ರ, ಬಾಟಲಿ ಬಾಯಿಗೆ ಒಮ್ಮೆ ತಾಗಿಸಿ. ಹತ್ತು ನಿಮಿಷಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸದಿದ್ದರೆ ಅರಗು ಒಣಗಿ ಸೀಳು ಕಟ್ಟುತ್ತದೆ. ಹಾಗೆ ಕಟ್ಟಿದ ನಿಬ್ಬನ್ನು ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣದಲ್ಲಿ ಐದು ನಿಮಿಷ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ. ಈ ಇಂಕನ್ನು ಫೌಂಟನ್ ಪೆನ್ನಿಗೆ ಯಾವ ಕಾರಣಕ್ಕೂ ತುಂಬಬಾರದು. ಇನ್ನು ಗೆರೆ ಕೂದಲು ಹಿಡಿದ ಹಾಗೆ ಹರಡಿದರೆ ದೋಷ ಕಾಗದದ್ದು. ಮೆತ್ತನೆಯ ಕಾರ್ಟ್ರಿಡ್ಜ್ ಕಾಗದದ ನಾರು ನಿಬ್ಬಿಗೆ ಸಿಕ್ಕುತ್ತದೆ. ನುಣುಪಾದ ಹಾಟ್ ಪ್ರೆಸ್ ಅಥವಾ ಬ್ರಿಸ್ಟಲ್ ಕಾಗದ ಕೊಡಿ.

ಕುಂಚ_ತುಮಕೂರು

ನೀರಿನ ವಿಷಯ ಈಗ ಅರ್ಥವಾಯಿತು ಸರ್, ಎರಡು ಕಟ್ಟಡಕ್ಕೆ ಎರಡು ಬೋರ್‌ವೆಲ್ ಇವೆ. ಹಾಗೆಯೇ ಜಲವರ್ಣದ ವಾಶ್, ಅಂದರೆ ತೆಳು ಬಣ್ಣವನ್ನು ಅಗಲವಾಗಿ ಹರಡುವುದರ ಬಗ್ಗೆಯೂ ಹೇಳಿ. ಮಾರ್ಚ್ ಬಂದರೆ ಆಕಾಶ ಅರ್ಧ ಎಳೆಯುವಷ್ಟರಲ್ಲಿ ಮೇಲಿನ ಅಂಚು ಒಣಗಿರುತ್ತದೆ.

ಅಂತರಗಂಗೆ_ಇಂಕ್

ಕಾಗದ 300 ಜಿಎಸ್‌ಎಂ ಹತ್ತಿಯದಾದರೆ ಒಳ್ಳೆಯದು. ವಿದ್ಯಾರ್ಥಿಗಳಿಗೆ ಅದು ದುಬಾರಿ, 200 ಜಿಎಸ್‌ಎಂ ಕಾಗದವನ್ನು ಬಿಗಿದುಕೊಂಡರೆ ನಡೆಯುತ್ತದೆ. ತೊಟ್ಟಿಯಲ್ಲಿ ಐದಾರು ನಿಮಿಷ ನೆನೆಸಿ, ಮೂಲೆ ಹಿಡಿದು ನೀರು ಇಳಿಸಿ, 12 ಎಂಎಂ ಪ್ಲೈವುಡ್ ಮೇಲೆ ಹಾಸಿ, ನೀರು ಹಚ್ಚಿ ಅಂಟಿಸುವ ಕಂದು ಕಾಗದದ ಟೇಪನ್ನು ನಾಲ್ಕೂ ಕಡೆ ಅರ್ಧ ಕಾಗದಕ್ಕೆ ಅರ್ಧ ಹಲಗೆಗೆ ಬರುವಂತೆ ಒತ್ತಿ. ಮಲಗಿಸಿಯೇ ಒಣಗಿಸಿ. ನಿಲ್ಲಿಸಿದರೆ ನೀರು ಕೆಳಗಿಳಿದು ಆ ಬದಿಯ ಟೇಪು ಬಿಡುತ್ತದೆ. ಬಿಸಿಲಿಗಿಟ್ಟರೆ ಕಾಗದ ಒಮ್ಮೆಲೇ ಸೆಳೆದು ಹರಿಯುತ್ತದೆ.

ವಾಶಿಗೆ ಫ್ಯಾನ್ ನಿಲ್ಲಿಸಿ. ಆಕಾಶಕ್ಕೆ ಬೇಕಾದಷ್ಟಕ್ಕಿಂತ ಅರ್ಧಪಟ್ಟು ಹೆಚ್ಚು ಬಣ್ಣ ಮೊದಲೇ ಕಲಸಿಟ್ಟುಕೊಳ್ಳಿ. ನಡುವೆ ಕಲಸಲು ನಿಂತರೆ ಆಟ ಮುಗಿಯಿತು. ಕಾಗದಕ್ಕೆ ಶುದ್ಧ ನೀರು ಸವರಿ, ಹೊಳಪು ಹೋಗಿ ತಂಪು ಉಳಿದಾಗ ಶುರುಮಾಡಿ. ಹಲಗೆ 10ರಿಂದ 15 ಡಿಗ್ರಿ ವಾಲಿರಲಿ, ಕೆಳ ಅಂಚಿನಲ್ಲಿ ಬಣ್ಣದ ಹನಿಸಾಲು ಸದಾ ಇರಲಿ. ಕೊನೆಯ ಸಾಲನ್ನು ಹಿಂಡಿದ ಕುಂಚದಿಂದ ಹೀರಿಕೊಳ್ಳಿ. ಅರ್ಧ ಒಣಗಿದ ಜಾಗಕ್ಕೆ ಮತ್ತೆ ಒದ್ದೆ ಕುಂಚ ತಾಗಿಸಿದರೆ ನೀರು ಬಣ್ಣವನ್ನು ತಳ್ಳಿಕೊಂಡು ಹೋಗಿ ಹಲ್ಲುಹಲ್ಲಾದ ಅಂಚಿನ ಕಲೆ ಮಾಡುತ್ತದೆ. ತಿದ್ದುವ ಆಸೆ ಬಂದಾಗ ಕೈ ಕಟ್ಟಿ ಕೂರುವುದೇ ಮದ್ದು, ಪೂರ್ತಿ ಒಣಗಿದ ಮೇಲೆ ಎರಡನೇ ವಾಶ್ ಕೊಡಬಹುದು. ಬೇಸಿಗೆಯಲ್ಲಿ ದೊಡ್ಡ ವಾಶುಗಳನ್ನು ಬೆಳಗ್ಗೆ ಆರರಿಂದ ಒಂಬತ್ತರೊಳಗೆ ಮುಗಿಸಿ, ಗಾಳಿಯಲ್ಲಿ ಇನ್ನೂ ತೇವ ಇರುತ್ತದೆ.

ಪ್ಲೇಟ್_ರೋಲರ್

ಮುದ್ರಣದ ಕಡೆಯಿಂದ ಕೆಲವು ಮಾತು. ಇದನ್ನು ಎರಡನೇ ವರ್ಷದಲ್ಲೇ ಕಲಿಸಿ, ಪುಸ್ತಕ ಅಚ್ಚಾಗಿ ಬಂದ ಮೇಲೆ ಅಳುವುದು ತಪ್ಪುತ್ತದೆ.

24 ಪುಟ ಎಂದರೆ 12 ಜೋಡಿಪುಟ ಎಂದುಕೊಳ್ಳುತ್ತಾರೆ. ಅಲ್ಲ. 1 ಮತ್ತು 24 ಒಂಟಿ, ನಡುವೆ 11 ಜೋಡಿ. ಆರು ಹಾಳೆ ಮಡಚಿ ನಡುವೆ ಪಿನ್ ಹೊಡೆದು ಡಮ್ಮಿ (ಮಾದರಿ ಪುಸ್ತಕ) ಮಾಡಿದರೆ ತಾನೇ ಗೊತ್ತಾಗುತ್ತದೆ. ಕಥೆಯ ತಿರುವು ಬಲಪುಟದ ಕೊನೆಯಲ್ಲಿ ನಿಂತು ಪುಟ ಮಗುಚಿದಾಗ ಬಿಚ್ಚಿಕೊಳ್ಳಬೇಕು, ಅದು ತಿಳಿಯುವುದೂ ಡಮ್ಮಿಯಲ್ಲೇ.

ಅಳತೆ: ಕತ್ತರಿಸುವ ಮೂರು ಬದಿಗೂ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಚಾಚಿದ ಚಿತ್ರ), ಮುಖ್ಯವಾದದ್ದು ಅಂಚಿನಿಂದ 10 ಮಿ.ಮೀ. ಒಳಗೆ. ಮಡಿಕೆಯ ಮೇಲೆ ಮುಖ, ಕೈ, ಅಕ್ಷರ ಬೇಡ. ಪಿನ್ ಬೈಂಡಿಂಗಿನಲ್ಲಿ ಪುಸ್ತಕ ಪೂರ್ತಿ ತೆರೆಯುತ್ತದೆ, ಗಮ್ ಬೈಂಡಿಂಗ್ ಆದರೆ ಒಂದೊಂದು ಪುಟಕ್ಕೂ ಆರೇಳು ಮಿ.ಮೀ. ನುಂಗುತ್ತದೆ. ಬೈಂಡಿಂಗ್ ಯಾವುದು ಎಂದು ಚಿತ್ರ ಶುರುಮಾಡುವ ಮೊದಲೇ ಕೇಳಿ.

ಸ್ಕ್ಯಾನ್: ಬಣ್ಣದ್ದಕ್ಕೆ ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ, ಬರೀ ಕಪ್ಪು ಗೆರೆಗೆ 1200 ಡಿಪಿಐ ಬಿಟ್‌ಮ್ಯಾಪ್ (ಬೂದು ಇಲ್ಲದ ಬರೀ ಕಪ್ಪು ಬಿಳುಪು). ಆಟೋ ಕರೆಕ್ಷನ್ ಬಂದ್ ಮಾಡಿ, ಅದು ತೆಳು ವಾಶನ್ನು ಕಾಗದದ ಕೊಳೆ ಎಂದುಕೊಂಡು ಅಳಿಸುತ್ತದೆ. ಎ3 ಚಿತ್ರವನ್ನು ಎ4 ಸ್ಕ್ಯಾನರಿನಲ್ಲಿ ಮೂರು ಭಾಗವಾಗಿ ತೆಗೆಯುವಾಗ ಮೂರು ಸೆಂ.ಮೀ. ಅಕ್ಕಪಕ್ಕದ ಎರಡೂ ಭಾಗಕ್ಕೆ ಸೇರುವಂತೆ ಬಿಡಿ, ಕಾಗದವನ್ನು ತಲೆಕೆಳಗು ತಿರುಗಿಸಬೇಡಿ. ಸ್ಕ್ಯಾನರಿನ ಬೆಳಕು ಒಂದೇ ಬದಿಯಿಂದ ಬೀಳುವುದರಿಂದ ತಿರುಗಿಸಿದರೆ ಕಾಗದದ ಒರಟಿನ ನೆರಳು ಎದುರು ದಿಕ್ಕಿಗೆ ಬಂದು ಜೋಡಣೆ ಎದ್ದು ಕಾಣುತ್ತದೆ.

ಬಣ್ಣ ಮಂಕಾಗುವುದಕ್ಕೆ ಎರಡು ಕಾರಣ. ಸ್ಕ್ರೀನಿನ ಉಜ್ವಲ ಕಿತ್ತಳೆ, ಗಿಳಿಹಸಿರು, ನೇರಳೆ ನಾಲ್ಕು ಬಣ್ಣದ ಅಚ್ಚಿನಲ್ಲಿ ಸಿಗುವುದೇ ಇಲ್ಲ. ಎರಡನೆಯದು ಕಾಗದ. ಮೇಲೆ ಲೇಪವಿಲ್ಲದ ಮ್ಯಾಪ್‌ಲಿಥೊ ಕಾಗದ ಮಸಿ ಹೀರಿ ಅಚ್ಚಿನ ಚುಕ್ಕಿ ಹಿಗ್ಗುತ್ತದೆ, ಕಡತದಲ್ಲಿ ಶೇಕಡಾ 50 ಇದ್ದದ್ದು ಅಚ್ಚಿನಲ್ಲಿ 70ರ ಹತ್ತಿರ ಕಾಣಬಹುದು. ಮ್ಯಾಪ್‌ಲಿಥೊ ಎಂದು ಗೊತ್ತಾದರೆ ನಡುಛಾಯೆಗಳನ್ನು ಮೊದಲೇ ತೆಳು ಮಾಡಿ, ಕತ್ತಲೆಯ ಪುಟಗಳಲ್ಲಿ ನಾಲ್ಕೂ ಮಸಿ ಒಟ್ಟಾಗಿ ತುಂಬಬೇಡಿ.

ಕಪ್ಪು ಗೆರೆಯ ಮೇಲೆ ಜಲವರ್ಣ ಮಾಡುವವರಿಗೆ ಒಂದು ಉಪಾಯ: ಲೈಟ್ ಬಾಕ್ಸಿನ ಮೇಲೆ ಗೆರೆಯನ್ನು ಬೇರೆ ಹಾಳೆಯಲ್ಲಿ, ಬಣ್ಣವನ್ನು ಬೇರೆ ಹಾಳೆಯಲ್ಲಿ ಮಾಡಿ. ಗೆರೆ ಬರೀ ಕಪ್ಪು ಪ್ಲೇಟಿನಲ್ಲಿ ಬಣ್ಣದ ಮೇಲೆ ಓವರ್‌ಪ್ರಿಂಟ್ ಆಗಲಿ. ಪ್ಲೇಟು ಕೂದಲೆಳೆ ಸರಿದರೂ ಗೆರೆಯ ಅಂಚಿಗೆ ಬಣ್ಣದ ನೆರಳು ಬರುವುದಿಲ್ಲ.

ಕನ್ನಡ ಬರಹಕ್ಕೆ ಜಾಗ ಬಿಡುವುದನ್ನು ಹುಡುಗರು ಮರೆಯುತ್ತಾರೆ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. 16 ಪಾಯಿಂಟ್ ಅಕ್ಷರಕ್ಕೆ 24 ಪಾಯಿಂಟ್ ಸಾಲಿನ ಅಂತರ ಲೆಕ್ಕ ಹಾಕಿ ಥಂಬ್‌ನೇಲಿನಲ್ಲೇ ಆ ಜಾಗ ಗುರುತಿಸಿ. ಅಕ್ಷರದ ಹಿಂದೆ ಹುಲ್ಲು, ಎಲೆ, ಜನಸಂದಣಿ ಬೇಡ. ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶದಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸದಿದ್ದರೆ ಯುನಿಕೋಡ್ ಕನ್ನಡದ ಒತ್ತುಗಳು ಬಿಡಿಬಿಡಿಯಾಗುತ್ತವೆ. ಲೇಖಕರು ಹಳೆಯ ನುಡಿ ಫಾಂಟಿನಲ್ಲಿ ಕೊಟ್ಟ ಬರಹವನ್ನು ಯುನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡಿ.

ಗೌರಿಬಿದನೂರು_ಪಿಕ್ಸೆಲ್

ಸರ್, ಇಷ್ಟೆಲ್ಲ ಇಂಕು, ಟೇಪು, ತೊಟ್ಟಿ ಬೇಕಾ? ಕೆಲಸ ಕೊಡುವವರು ಕೇಳುವುದು ಡಿಜಿಟಲ್ ಫೈಲು. ಟ್ಯಾಬ್ಲೆಟ್ಟಿನಲ್ಲೇ ಕಲಿಸಿದರೆ ಸಮಯ ಉಳಿಯುತ್ತದಲ್ಲ.

ಪ್ಲೇಟ್_ರೋಲರ್

ಕೊನೆಯ ಫೈಲು ಡಿಜಿಟಲ್ಲೇ, ಅದರಲ್ಲಿ ಚರ್ಚೆಯಿಲ್ಲ. ಆದರೆ ಟ್ಯಾಬ್ಲೆಟ್ಟಿನಲ್ಲಿ ಝೂಮ್ ಇದೆ, ಅನ್‌ಡೂ ಇದೆ. ಕಲಿಯುವವರು ಅಂಗೈಯಗಲದ ಕಣ್ಣನ್ನು ಸ್ಕ್ರೀನ್ ತುಂಬಾ ಹಿಗ್ಗಿಸಿ ಬರೆಯುತ್ತಾರೆ, ಅಚ್ಚಿನಲ್ಲಿ ಅದು ಎಳ್ಳಿನಷ್ಟಾಗಿ ಕಪ್ಪು ಮುದ್ದೆಯಾಗುತ್ತದೆ. ಥಂಬ್‌ನೇಲ್ ಮತ್ತು ಹೊರಗಿನ ಸ್ಕೆಚ್ ಕಾಗದದಲ್ಲೇ ಇರಲಿ. ಸೆಮಿಸ್ಟರಿನ ಕೊನೆಯ ಮೂರನೇ ಒಂದು ಭಾಗದಲ್ಲಿ ಟ್ಯಾಬ್ಲೆಟ್ ತನ್ನಿ. ಕ್ಯಾನ್ವಾಸನ್ನು ಅಚ್ಚಿನ ಅಳತೆಗೆ 300 ಡಿಪಿಐನಲ್ಲಿ ತೆರೆಯಿರಿ, ಬ್ಲೀಡ್ ಸೇರಿಸಿ. ವಾರಕ್ಕೊಮ್ಮೆ ಒಂದು ಪುಟವನ್ನಾದರೂ ಝೆರಾಕ್ಸ್ ಅಂಗಡಿಯಲ್ಲಿ ಶೇಕಡಾ 100ರ ಅಳತೆಯಲ್ಲಿ ಅಚ್ಚು ಹಾಕಿಸಿ ಕೈಯಲ್ಲಿ ಹಿಡಿದು ನೋಡಿ.

ಕೈವಾರದ_ಕಾಗದ

ಕುಂಚ ಮೇಡಂ, ಸಮಯದ ಪ್ರಶ್ನೆ ಯಾರೂ ಮುಟ್ಟಿಲ್ಲ. ಗಂಟೆ ಹೊಂದಿಸುವ ಮೊದಲು ಕೆಲಸವನ್ನು ಎರಡಾಗಿ ವಿಂಗಡಿಸಿ: ನಡುವೆ ಎದ್ದರೂ ಕೆಡದ್ದು, ನಡುವೆ ಎದ್ದರೆ ಕೆಡುವುದು. ಇಂಕಿನ ಗೆರೆ, ಸ್ಕ್ಯಾನ್, ಕಲೆ ತೆಗೆಯುವುದು, ಡಮ್ಮಿ, ಪತ್ರವ್ಯವಹಾರ ಮೊದಲನೆಯ ಬಗೆ. ಇವು ಪಾಠದ ದಿನದ ಸಂಜೆಗೆ. ದೊಡ್ಡ ವಾಶ್, ಬಣ್ಣದ ಹೊಂದಾಣಿಕೆ, ಪಾತ್ರದ ಮೊದಲ ಹುಡುಕಾಟ ಎರಡನೆಯ ಬಗೆ. ಇವಕ್ಕೆ ಪಾಠವಿಲ್ಲದ ದಿನದ ಬೆಳಗನ್ನು ಮೀಸಲಿಡಿ, ಫೋನು ಬೇರೆ ಕೋಣೆಯಲ್ಲಿರಲಿ.

ಆಕಾಶ ಹೊಂದದಿರುವುದು ಪುಟದಿಂದ ಪುಟಕ್ಕೆ ಮುಗಿಸುತ್ತಾ ಹೋಗುವುದರಿಂದ. ಮೊದಲು ಬಣ್ಣದ ನಕಾಶೆ ಮಾಡಿ: ಒಂದೇ ಹಾಳೆಯಲ್ಲಿ 11 ಜೋಡಿಪುಟ ಮತ್ತು ಎರಡು ಒಂಟಿಪುಟ, ಜೋಡಿಯೊಂದು 8ಕ್ಕೆ 4 ಸೆಂ.ಮೀ., ವಿವರವಿಲ್ಲದೆ ಬಣ್ಣದ ತುಂಡುಗಳು ಮಾತ್ರ. ಇಡೀ ಕಥೆಯ ಬೆಳಕು ಒಂದೇ ನೋಟಕ್ಕೆ ಸಿಗುತ್ತದೆ. ಅದರಲ್ಲಿ ಮತ್ತೆ ಮತ್ತೆ ಬರುವ ನಾಲ್ಕೈದು ಬಣ್ಣಗಳನ್ನು ದಪ್ಪ ಹದದಲ್ಲಿ ಒಟ್ಟಿಗೆ ಕಲಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮೇಲೆ ಬರೆಯಿರಿ: ‘ಬೆಳಗಿನ ಆಕಾಶ, ಒಂದಕ್ಕೆ ಐದು ನೀರು’. ಒಂದು ಹನಿ ಲವಂಗದ ಎಣ್ಣೆ ಹಾಕಿದರೆ ಬೂಷ್ಟು ಬೇಗ ಹಿಡಿಯುವುದಿಲ್ಲ. ಚಿತ್ರಕ್ಕೆ ಬಳಸುವ ಕಾಗದದ್ದೇ ಪಟ್ಟಿಯಲ್ಲಿ ಎಳೆದು, ಒಣಗಿದ ಮೇಲೆ ಹೋಲಿಸಿ. ಜಲವರ್ಣ ಒಣಗಿದಾಗ ತೆಳುವಾಗುತ್ತದೆ. ಆಮೇಲೆ ಎಲ್ಲ ಪುಟಗಳ ಆಕಾಶವನ್ನು ಒಂದು ಬೆಳಗ್ಗೆ, ನೆಲವನ್ನು ಇನ್ನೊಂದು ಬೆಳಗ್ಗೆ ಮಾಡಿ.

ಪಾತ್ರಗಳಿಗೂ ಮೊದಲೇ ಒಂದು ಮಾದರಿ ಹಾಳೆ ಬೇಕು. ಎದುರು, ಪಕ್ಕ, ಬೆನ್ನು ಮೂರೂ ನೋಟ, ಆರು ಭಾವ, ಕೂತದ್ದು, ಓಡಿದ್ದು. ತಲೆಯ ಅಳತೆಯಲ್ಲಿ ಲೆಕ್ಕ ಬರೆದಿಡಿ. ದೊಡ್ಡವರು ಏಳರಿಂದ ಏಳೂವರೆ ತಲೆ, ಆರು ವರ್ಷದ ಮಗು ಐದೂವರೆಯ ಹತ್ತಿರ. ಮಗುವಿಗೆ ಏಳು ತಲೆ ಕೊಟ್ಟರೆ ಕುಳ್ಳ ಗಂಡಸಾಗುತ್ತದೆ.

ಈ ನಕಾಶೆ, ತಿರಸ್ಕರಿಸಿದ ಥಂಬ್‌ನೇಲ್, ಪ್ರಕಾಶಕರು ಕೆಂಪು ಗುರುತು ಹಾಕಿದ ರಫ್ (ಪೆನ್ಸಿಲ್ ಕರಡು), ಇವೇ ನಿಮ್ಮ ಪಾಠದ ಸಾಮಗ್ರಿ ಆಗಲಿ. ಮುಗಿದ ಚಿತ್ರ ತೋರಿಸಿದರೆ ಹುಡುಗರು ಗೆರೆ ಕದಿಯುತ್ತಾರೆ. ರಫ್ ತೋರಿಸಿದರೆ ತೀರ್ಮಾನ ಮಾಡುವುದನ್ನು ಕಲಿಯುತ್ತಾರೆ. ಪಾಠಕ್ಕೆಂದು ಬೇರೆ ತಯಾರಿಯ ಸಮಯವೂ ಉಳಿಯಿತು. ಪ್ರಕಟವಾಗದ ಪುಟ ತೋರಿಸಲು ಪ್ರಕಾಶಕರ ಒಪ್ಪಿಗೆ ಮಾತ್ರ ಮೊದಲೇ ಪಡೆಯಿರಿ.

ಇನ್ನೊಂದು ಪುಸ್ತಕ ಇರಲಿ, ಚಿಕ್ಕದು, ಜೇಬಿನದು. ವಿದ್ಯಾರ್ಥಿಗಳಿಗೂ ತೋರಿಸದ, ಪ್ರಕಾಶಕರಿಗೂ ಕೊಡದ ಗೆರೆಗಳಿಗೆ. ದಿನವಿಡೀ ಬೇರೆಯವರ ಚಿತ್ರದ ತಪ್ಪು ಹುಡುಕುವ ಕಣ್ಣು ತನ್ನ ಗೆರೆಯನ್ನೂ ಹುಟ್ಟುವ ಮೊದಲೇ ತಿದ್ದಲು ಹೊರಡುತ್ತದೆ. ಕಲಿಸುವವರಿಗೆ ಇರುವ ದೊಡ್ಡ ಅಪಾಯ ಅದೇ. ಆ ಪುಸ್ತಕದಲ್ಲಿ ತಿದ್ದುವಂತಿಲ್ಲ ಎಂದು ನಿಯಮ ಮಾಡಿಕೊಳ್ಳಿ.

ಕರಾರು_ಕೋಲಾರ

ಒಪ್ಪಂದದ ಬಗ್ಗೆಯೂ ಒಂದು ತರಗತಿ ಇರಲಿ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ಪೇಂಟಿಂಗ್ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಮಾಲೀಕರು. ನೌಕರಿಯ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಉದ್ಯೋಗದಾತರಿಗೆ ಸೇರುತ್ತದೆ. ಆದ್ದರಿಂದ ಹಕ್ಕು ಕಲಾವಿದರ ಬಳಿ ಉಳಿಯುತ್ತದೆ, ಇಂಥ ಪುಸ್ತಕಕ್ಕೆ ಇಂಥ ಭಾಷೆಯಲ್ಲಿ ಬಳಸಲು ಮಾತ್ರ ಅನುಮತಿ ಎಂದು ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಿ. 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಅರ್ಥ. ಹೆಸರು ಹಾಕಿಸಿಕೊಳ್ಳುವ ಹಕ್ಕು 57ನೇ ಸೆಕ್ಷನ್‌ನಲ್ಲಿದೆ, ಅದು ವರ್ಗಾವಣೆಯಾದ ಮೇಲೂ ಉಳಿಯುತ್ತದೆ.

ತಿದ್ದುಪಡಿ ರಫ್ ಹಂತದಲ್ಲಿ ಎರಡು ಸುತ್ತು ಎಂದು ನಮೂದಿಸಿ. ಬಣ್ಣ ಮುಗಿದ ಮೇಲೆ ಕೇಳುವ ಬದಲಾವಣೆಗೆ ಬೇರೆ ಹಣ. ಮೂಲ ಚಿತ್ರಗಳನ್ನು ವಾಪಸ್ ಕೊಡಬೇಕೆಂಬುದೂ ಬರೆಯಿರಿ. ವಿದ್ಯಾರ್ಥಿಗಳಿಂದ ಬಣ್ಣ ತುಂಬಿಸಿಕೊಂಡರೆ ಅವರಿಗೆ ಹಣವನ್ನೂ ಹೆಸರನ್ನೂ ಕೊಡಬೇಕು. ಅದನ್ನು ಇಂಟರ್ನಲ್ ಅಂಕದ ಅಸೈನ್‌ಮೆಂಟ್ ಮಾಡುವುದು ತಪ್ಪು.

ಕುಂಚ_ತುಮಕೂರು

ಎಲ್ಲರಿಗೂ ತುಂಬಾ ಧನ್ಯವಾದ. ಹಿರಿಯರು ಇಷ್ಟು ಬಿಡಿಸಿ ಹೇಳಿದ್ದು ದೊಡ್ಡ ಉಪಕಾರ. ಕೊನೆಯದಾಗಿ ಒಂದು: 20 ಜನರ ಕೆಲಸವನ್ನು ನಾಲ್ಕು ಗಂಟೆಯಲ್ಲಿ ನೋಡಿ ಮುಗಿಸುವುದು ಹೇಗೆ? ಎಂಟು ಜನರದ್ದು ಆಗುವಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ಗೆರೆಗಾರ_ಮಧುಗಿರಿ

ಒಬ್ಬೊಬ್ಬರ ಮೇಜಿಗೆ ಹೋದರೆ ಹಾಗೇ ಆಗುವುದು ಮೇಡಂ. ಎಲ್ಲವನ್ನೂ ಗೋಡೆಗೆ ಒಟ್ಟಿಗೆ ಹಾಕಿಸಿ, ಹೆಸರು ಹಿಂಬದಿಯಲ್ಲಿರಲಿ. ಮೊದಲ ಹತ್ತು ನಿಮಿಷ ಮೌನವಾಗಿ ನೋಡುವುದು. ಆಮೇಲೆ ಚಿತ್ರಕ್ಕೆ ಐದು ನಿಮಿಷ, ಒಟ್ಟು 100 ನಿಮಿಷ. ಬರೆದವರು ಮಾತಾಡುವಂತಿಲ್ಲ. ಕಥೆ ಓದಿರದ ಒಬ್ಬರು, ಬೇರೆ ತರಗತಿಯವರಾದರೂ ಸರಿ, ‘ಇಲ್ಲಿ ಏನು ನಡೆಯುತ್ತಿದೆ’ ಎಂದು ಹೇಳಬೇಕು. ಅವರು ಕಂಡದ್ದಕ್ಕೂ ಬರೆದವರು ಉದ್ದೇಶಿಸಿದ್ದಕ್ಕೂ ಎಲ್ಲಿ ಅಂತರ ಬಿತ್ತೋ ಅಲ್ಲಿಗೆ ಮಾತ್ರ ನೀವು ಮಾತಾಡಿ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತು ಬೇಡ. ಉಳಿದ ಎರಡು ಗಂಟೆಯಲ್ಲಿ ಅವರು ಅಲ್ಲೇ ಕೂತು ತಿದ್ದಿ ಬರೆಯಲಿ, ನೀವು ಟ್ರೇಸಿಂಗ್ ಪೇಪರ್ ಹಿಡಿದು ನಿಜವಾಗಿ ಸಿಕ್ಕಿಕೊಂಡ ನಾಲ್ಕೈದು ಜನರ ಪಕ್ಕ ಕೂರಿ. ಯಾರ ಪಕ್ಕ ಕೂತಿರಿ ಎಂದು ರಿಜಿಸ್ಟರಿನಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಮಾತಾಡುವ ಹುಡುಗರಿಗೇ ಪ್ರತಿ ವಾರ ಸಮಯ ಹೋಗುತ್ತದೆ, ಹಿಂದಿನ ಬೆಂಚಿನವರು ಸೆಮಿಸ್ಟರ್ ಮುಗಿಯುವವರೆಗೂ ಸಿಗುವುದಿಲ್ಲ.

ಶಿಡ್ಲಘಟ್ಟ_ಗೆರೆ

ಗೋಡೆಗೆ ಹಾಕುವಾಗ ಸೆಲ್ಲೋಟೇಪು ಬೇಡ, ಜಲವರ್ಣ ಕಾಗದದ ಮೇಲ್ಪದರವನ್ನೇ ಕಿತ್ತು ತರುತ್ತದೆ. ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ತೂಗುಹಾಕಿ. ಗೂಡಿನ ಮಾರುಕಟ್ಟೆಗೆ ಹುಡುಗರನ್ನು ಕರೆತರುವುದಾದರೆ ಹಿಂದಿನ ದಿನ ಇಲ್ಲೇ ಹಾಕಿ ಮೇಡಂ, ಹರಾಜು ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ವಿಚಾರಿಸಿ ತಿಳಿಸುತ್ತೇನೆ.